ಕರ್ಣ, ವಿಕರ್ಣ ಮತ್ತು ಆರನೇ ದಿನ

ಕೇರಳದ ಕಾಸರಗೋಡಿನ ಶಾಲೆಗಳಲ್ಲಿರುವ ಕನ್ನಡ ಡಿವಿಷನ್, ಅಂದರೆ ಕನ್ನಡ ಮಾಧ್ಯಮದ ತರಗತಿ, ಮುಚ್ಚಲು ಬೀಗ ಬೇಕೆಂದುಕೊಂಡವರು ಹಳೇ ಕಾಲದವರು. ಒಬ್ಬ ಗಣಿತದ ಮಾಷ್ಟ್ರು ಸಾಕು. ಕನ್ನಡ ಬರಬಾರದು, ಅಷ್ಟೇ.

ಅಂಥವರನ್ನು ಹುಡುಕುವುದೂ ಸುಲಭ. ಸರಕಾರಿ ಹುದ್ದೆಗೆ ಪರೀಕ್ಷೆ ನಡೆಸುವ ಪಿಎಸ್‌ಸಿಯ ಒಎಂಆರ್ ಹಾಳೆಯಲ್ಲಿ ಗುಂಡಿ ಕಪ್ಪು ಮಾಡಲು ಪೆನ್ನು ಬೇಕು, ನಾಲಿಗೆ ಬೇಡ. ರೇಂಕ್ ಲಿಸ್ಟ್ ಬಂತು, ಆದೇಶ ಬಂತು, ಮಾಷ್ಟ್ರೂ ಬಂದರು. ಪಾಪ, ಗಣಿತ ಅವರಿಗೆ ಚೆನ್ನಾಗಿಯೇ ಗೊತ್ತು.

ಬೋರ್ಡಿನಲ್ಲಿ ವೃತ್ತ ಎಳೆದು ಮಲಯಾಳದಲ್ಲಿ ‘ಆರಂ ಅಂಜು’ ಎನ್ನುತ್ತಾರೆ. ಅಂಜು ಎಂದರೆ ಐದು, ಮಕ್ಕಳು ಬಸ್ಸಿನಲ್ಲೇ ಕಲಿತಿದ್ದಾರೆ. ಈ ಆರಂ ಯಾವುದು, ಆರೋ? ಹಾಗಾದರೆ ಬರೆಯಬೇಕಾದ್ದು ಐದೋ ಆರೋ? ಆರಂ ಎಂದರೆ ತ್ರಿಜ್ಯ, ಅದು ಪುಸ್ತಕದೊಳಗೇ ಉಳಿಯಿತು.

ಗೊತ್ತಿಲ್ಲದ ಪದವಾದರೆ ಕೇಳಿಯಾದರೂ ತಿಳಿಯಬಹುದು, ಗೊತ್ತಿರುವ ಪದ ಇನ್ನೂ ಅಪಾಯ. ಕನ್ನಡ ಗಣಿತದಲ್ಲಿ ಚತುರ್ಭುಜದ ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆ ಕರ್ಣ. ಲಂಬಕೋನ ತ್ರಿಭುಜದ ಉದ್ದನೆಯ ಬಾಹು ವಿಕರ್ಣ. ಮಲಯಾಳದಲ್ಲಿ ನೇರ ತಿರುಗುಮುರುಗು. ‘ವಿಕರ್ಣ 6, 8 ಇರುವ ಆಕೃತಿಯ ವಿಸ್ತೀರ್ಣ’ ಎಂದು ಮಾಷ್ಟ್ರು ಕೇಳಿದ್ದು ವಜ್ರಾಕೃತಿಯನ್ನು, ಉತ್ತರ 24. ಮಗು ತ್ರಿಭುಜ ಬರೆದು, ಒಂದಕ್ಕೆ ಎರಡು ವಿಕರ್ಣ ಎಲ್ಲಿಂದ ಎಂದು ಪೆನ್ಸಿಲ್ ಕಚ್ಚುತ್ತದೆ. ತಾಳಮದ್ದಳೆ ಕೇಳಿ ಬೆಳೆದ ಊರಲ್ಲವೇ, ಅದಕ್ಕೆ ಇಷ್ಟಾದರೂ ಗೊತ್ತು: ಕೌರವನ ಸಭೆಯಲ್ಲಿ ಇದು ಅನ್ಯಾಯ ಎಂದವನು ವಿಕರ್ಣ, ಅವನ ಬಾಯಿ ಮುಚ್ಚಿಸಿದವನು ಕರ್ಣ.

ಹೆತ್ತವರು ಧರಣಿ ಕೂತರೆ ಸಂವಿಧಾನ ತೋರಿಸಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ 350ಎ ವಿಧಿಯೂ ಜಾರಿಗೆ ಬಂತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ. ಪ್ರಾಥಮಿಕ ಎಂಬುದನ್ನು ಸ್ವಲ್ಪ ಒತ್ತಿ ಓದಿ. ವಿಧಿ ಹೈಸ್ಕೂಲಿನ ಗೇಟಿನಲ್ಲೇ ನಿಲ್ಲುತ್ತದೆ.

ಆದರೂ ಏಳದಿದ್ದರೆ ಮಾಷ್ಟ್ರನ್ನು ಕನ್ನಡ ಕಲಿಯಲು ಮೈಸೂರಿನ ಭಾಷಾ ಕೇಂದ್ರಕ್ಕೆ ಕಳಿಸಿ. ಅಲ್ಲಿನ ಡಿಪ್ಲೊಮಾ 10 ತಿಂಗಳು. ಜೂನ್‌ನಿಂದ ಮಾರ್ಚ್‌ವರೆಗೆ ಶಾಲೆಯೂ 10 ತಿಂಗಳು. ಇಷ್ಟು ಚಂದ ತಾಳೆಯಾಗುವ ಲೆಕ್ಕ ಇಲಾಖೆಯಲ್ಲಿ ಇನ್ನೊಂದಿಲ್ಲ. ಮಾಷ್ಟ್ರು ಸಂಬಳದೊಂದಿಗೆ ಕಾಗುಣಿತ ತಿದ್ದುವಾಗ ಮಕ್ಕಳು ಗಣಿತ ಪೀರಿಯಡ್ಡಿನಲ್ಲಿ ಚುಕ್ಕಿ ಆಟ ಆಡುತ್ತಾರೆ.

ಉಳಿದ ಕೆಲಸ ಆರನೇ ದಿನದ್ದು. ಶಾಲೆ ತೆರೆದು ಆರನೆಯ ಕೆಲಸದ ದಿನ ತಲೆ ಎಣಿಸುತ್ತಾರೆ. ಡಿವಿಷನ್ ಎಷ್ಟು, ಹುದ್ದೆ ಎಷ್ಟು ಎಂಬುದು ಆ ಎಣಿಕೆಯ ಮೇಲೆ. ಬುದ್ಧಿವಂತ ಹೆತ್ತವರು ಅಷ್ಟರಲ್ಲಿ ಮಕ್ಕಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ದಾಟಿಸಿರುತ್ತಾರೆ. ಫೀಸು, ವ್ಯಾನಿನ ಬಾಡಿಗೆ ಹೊಂದಿಸಲಾಗದ ಬೀಡಿ ಕಟ್ಟುವ ಮನೆಯ ಮಕ್ಕಳಷ್ಟೇ ಬೆಂಚಿನಲ್ಲಿ ಉಳಿಯುತ್ತವೆ. ಅವರ ತಲೆ ಸಾಲುವುದಿಲ್ಲ. ಕಡತದಲ್ಲಿ ಬರೆಯುವುದು: ಕನ್ನಡಕ್ಕೆ ಬೇಡಿಕೆ ಇಲ್ಲ.

ಹೊತ್ತಿಗೆ ಸರಿಯಾಗಿ ಮಾಷ್ಟ್ರು ಮೈಸೂರಿನಿಂದ ಬರುತ್ತಾರೆ, ಸ್ವಚ್ಛ ಕನ್ನಡದೊಂದಿಗೆ. ಡಿವಿಷನ್ ಇಲ್ಲವಲ್ಲ, ಮಲಯಾಳ ತರಗತಿಗೆ ವರ್ಗ. ಅಲ್ಲಿ ಮೊದಲ ದಿನ ವೃತ್ತ ಎಳೆದು, ಬಾಯಿತಪ್ಪಿ ‘ತ್ರಿಜ್ಯ ಐದು’ ಎನ್ನದಿದ್ದರೆ ಸಾಕು.