ಕಂಪ್ಯೂಟರ್‌ನ್ಯಾಗ ಐತ್ರಿ, ಕಪಾಟಿನ್ಯಾಗ ಇಲ್ರಿ

ಅತ್ತೆಗೆ ಜ್ವರ ಅಂತ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಹೋಗಿದ್ದೆ. ಹೆಸರು ಬೇಡ, ಇನ್ನೂ ಫಾಲೋಅಪ್ ಇದೆ. ಅಲ್ಲೀಗ ಔಷಧಿ ಬರೆಯುವುದಿಲ್ಲ, ಟೈಪ್ ಮಾಡುತ್ತಾರೆ. ಡಾಕ್ಟರು ಇಂಜೆಕ್ಷನ್ ಹೆಸರಿನ ಮೂರಕ್ಷರ ಹೊಡೆಯುವಷ್ಟರಲ್ಲಿ ಕೆಂಪು ಮೆಸೇಜು ಜಿಗಿಯಿತು: 'ಈ ಔಷಧಿ ಕೊರತೆಯಲ್ಲಿದೆ. ಬದಲಿಗೆ ಇದನ್ನು ಆರಿಸಿ.' ಆರಿಸಿದರು. ಕೌಂಟರಿಗೆ ಓಡಿದೆ. ಅಲ್ಲಿದ್ದವರು ಕಪಾಟಿನ ಬಾಗಿಲು ತೆಗೆದೇ ತೋರಿಸಿದರು.

"ಕಂಪ್ಯೂಟರ್‌ನ್ಯಾಗ ಐತ್ರಿ, ಕಪಾಟಿನ್ಯಾಗ ಇಲ್ರಿ."

ಉಪಾಯವೇನೋ ಒಳ್ಳೆಯದೇ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಚಂಡಮಾರುತ ಅಮೆರಿಕಕ್ಕೆ ಸೇರಿದ ಪೋರ್ಟೊರಿಕೊ ದ್ವೀಪದ ಸಲೈನ್ ಕಾರ್ಖಾನೆಗಳನ್ನು ಮಲಗಿಸಿತು. ಅಮೆರಿಕದಲ್ಲಿ ಚಿಕ್ಕ ಸಲೈನ್ ಚೀಲಗಳಿಗೆ ಬರ ಬಂತು. ಔಷಧಿಯನ್ನು ಚೀಲದ ಬದಲು ಸಿರಿಂಜಿನಲ್ಲಿ ನಿಧಾನಕ್ಕೆ ಕೊಡಿ, ನುಂಗಬಲ್ಲ ರೋಗಿಗೆ ಮಾತ್ರೆ ಕೊಡಿ ಅಂದರು ಅಲ್ಲಿನ ತಜ್ಞರು. ಡಾಕ್ಟರು ಬರೆಯುವ ಹೊತ್ತಿಗೇ ಇದನ್ನು ನೆನಪಿಸುವುದು ಕಂಪ್ಯೂಟರಿನ ಕೆಲಸ. ಆದರೆ ಸಿರಿಂಜು, ಮಾತ್ರೆ ನಿಜಕ್ಕೂ ಕೈಯಲ್ಲಿರಬೇಕು, ಅಲ್ವಾ?

ನಮ್ಮ ಖಾನಾವಳಿಗಳಲ್ಲಿ ಈ ವ್ಯವಸ್ಥೆ ಮೊದಲಿನಿಂದಲೂ ಇದೆ. "ರೊಟ್ಟಿ ಮುಗದಾವ್ರಿ, ಚಪಾತಿ ಕೊಡ್ಲೇನ್ರಿ?" ಅಂತ ಕೂಗುವವನು ಚಪಾತಿ ಬುಟ್ಟಿ ನೋಡಿಕೊಂಡೇ ಕೂಗುತ್ತಾನೆ. ಸರ್ವರ್ ಡೌನ್ ಆಗುವುದಿಲ್ಲ. ಆದರೂ ಆಗುವುದುಂಟು, ಊಟಕ್ಕೆ ಹೋದಾಗ.

ಇನ್ನು ಡಾಕ್ಟರು. ಅವರು ಬದಲಿಯನ್ನು ಆರಿಸಿದ್ದೇ ದೊಡ್ಡದು. ಔಷಧಿ ಬರೆಯುವಾಗ ಏಳುವ ಸುರಕ್ಷತಾ ಎಚ್ಚರಿಕೆಗಳಲ್ಲಿ ನೂರಕ್ಕೆ 49ರಿಂದ 96ರಷ್ಟನ್ನು ಡಾಕ್ಟರುಗಳು ದಾಟಿ ಹೋಗುತ್ತಾರೆ ಎಂದು 2006ರ ಒಂದು ಅಧ್ಯಯನ ಪರಿಶೀಲನೆ ಹೇಳಿತ್ತು. ದಿನವಿಡೀ ಗಂಟೆ ಹೊಡೆದರೆ ಪೂಜಾರಿಗೂ ಕೇಳಿಸುವುದಿಲ್ಲ.

ವಾಪಸ್ ಹೋದೆ. ಡಾಕ್ಟರು ನಿಟ್ಟುಸಿರು ಬಿಟ್ಟು ಮೊದಲಿನ ಇಂಜೆಕ್ಷನ್ನನ್ನೇ ಮತ್ತೆ ಹೊಡೆದರು. ಮತ್ತೆ ಕೆಂಪು: 'ಇದೇ ಏಕೆ ಬೇಕು? ಕಾರಣ ಬರೆಯಿರಿ.'

'ಜ್ವರ' ಎಂದು ಬರೆದರು.

'ಕಾರಣ ಸಾಲದು. ಕನಿಷ್ಠ 20 ಅಕ್ಷರ ಬೇಕು.'

ಜ್ವರ ಜ್ವರ ಜ್ವರ ಅಂತ ಸಾಲು ತುಂಬುವವರೆಗೆ ಹೊಡೆದರು. ಹಸಿರು ಟಿಕ್ ಬಂತು, ಧನ್ಯವಾದವೂ ಬಂತು. ಅತ್ತೆಗೆ ಮಾತ್ರ ಅಷ್ಟೇ ಜ್ವರ.

ಕೊನೆಗೆ ಡಾಕ್ಟರು ಜೇಬಿನಿಂದ ಪೆನ್ನು ತೆಗೆದು ಒಂದು ತುಂಡು ಕಾಗದದಲ್ಲಿ ಗೀಚಿದರು. "ಹೊರಗ ತೊಗೊಂಡ್ ಬರ್ರಿ."

ಗೇಟಿನ ಎದುರಿನ ಮೆಡಿಕಲ್ ಶಾಪಿನ ಹುಡುಗ ನೋಡಿದವನೇ ತೆಗೆದುಕೊಟ್ಟ. ಬಿಲ್ ಕೇಳಿದೆ. ಬೆಳಿಗ್ಗೆಯಿಂದ ಅವನ ಕಂಪ್ಯೂಟರ್ ಬಂದ್ ಇತ್ತಂತೆ.