ಕ್ಯಾಮೆರಾ ಸ್ವಾಮಿ, ಸ್ವಲ್ಪ ಹಾಡುವವರ ಕಡೆ ತಿರುಗಿ

ನಿನ್ನೆ ರಾತ್ರಿ ಹೊಸದೊಂದು ಕಾನ್ಸರ್ಟ್ ಸಿನಿಮಾ ಹಾಕಿಕೊಂಡು ಕೂತಿದ್ದೆ. ಯಾರದು ಅಂತ ಹೇಳುವುದಿಲ್ಲ. ಹೇಳಿದರೆ ಅವರ ಫ್ಯಾನುಗಳು ಕಾಮೆಂಟಿಗೆ ಬಂದು ನನ್ನ ಚಳಿ ಬಿಡಿಸುತ್ತಾರೆ, ನನಗೆ ಈಗ ಅಷ್ಟು ತ್ರಾಣ ಇಲ್ಲ. ಹಾಡುವವಳು ಒಳ್ಳೆಯ ಗಾಯಕಿಯೇ. ಕಂಠ ಇದೆ, ಹಾಡೂ ಇದೆ. ಆದರೆ ಮೊದಲ ಹಾಡಿನ ಮೊದಲ ನಾಲ್ಕು ಸಾಲು ಮುಗಿಯುವ ಮುಂಚೆಯೇ ಕ್ಯಾಮೆರಾ ಜನರ ಕಡೆ ಓಡಿತು. ಒಬ್ಬಳು ಅಳುತ್ತಿದ್ದಾಳೆ. ಮತ್ತೆ ವೇದಿಕೆ. ಮತ್ತೆ ಜನ. ಒಬ್ಬ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದಾನೆ. ಮತ್ತೆ ವೇದಿಕೆ, ಅದೂ ಎಲ್ಲೋ ಆಕಾಶದಿಂದ, ಹಾಡುವವಳು ಇರುವೆಯಷ್ಟು ಕಾಣುವ ಹಾಗೆ. ಮತ್ತೆ ಜನ. ಎತ್ತಿ ಹಿಡಿದ ಫೋನು, ಆ ಫೋನಿನ ಪರದೆಯಲ್ಲಿ ಅವಳು. ಅಂದರೆ ನಾನು ನನ್ನ ಟೀವಿಯೊಳಗೆ ಇನ್ಯಾರದೋ ಫೋನಿನೊಳಗೆ ಇಣುಕಿ ಹಾಡು ನೋಡಬೇಕು. ಆಫ್ ಮಾಡಿ ಎದ್ದೆ.

ಇಂಥ ಸಿಟ್ಟಿಗೆ ನನ್ನ ಹತ್ತಿರ ಇರುವ ಮದ್ದು ಒಂದೇ, ನೀಲ್ ಯಂಗ್. (ಬಂದ ನೋಡು ಮತ್ತೆ ಅದೇ ರಾಗ ಎಳೆಯೋಕೆ ಅಂತ ಗೊಣಗುವವರಿಗೆ ಅನ್‌ಫಾಲೋ ಬಟನ್ ಎಲ್ಲಿದೆ ಅಂತ ಗೊತ್ತಲ್ವಾ?) ಹೊಸದಾಗಿ ಫ್ರೆಂಡ್ ಆದವರಿಗೆ ಎರಡೇ ಮಾತು: 1945ರಲ್ಲಿ ಟೊರೊಂಟೊದಲ್ಲಿ ಹುಟ್ಟಿದವನು, 60ರ ದಶಕದಿಂದ ತಾನೇ ಬರೆದು ತಾನೇ ಹಾಡುತ್ತಿದ್ದಾನೆ. ಒಂದು ದಿನ ಮೌತ್ ಆರ್ಗನ್ ಕಚ್ಚಿಕೊಂಡು ಮಗುವಿನ ಥರ ಹಾಡುತ್ತಾನೆ, ಮಾರನೇ ದಿನ ಕ್ರೇಜಿ ಹಾರ್ಸ್ ತಂಡದ ಜೊತೆ ಗಿಟಾರಿನಿಂದ ಗೋಡೆ ಒಡೆಯುತ್ತಾನೆ. ವಯಸ್ಸಿಗೆ ಬಹುವಚನ ಕೊಡಬೇಕು, ನಿಜ. ಇಷ್ಟು ವರ್ಷ ಕಿವಿಯೊಳಗೇ ವಾಸ ಮಾಡಿದವನಿಗೆ ಬಹುವಚನ ನಾಲಿಗೆಗೆ ಬರುವುದಿಲ್ಲ, ಬಿಟ್ಟುಬಿಡಿ.

ಹಾಕಿದ್ದು ಅವನ ಕಾನ್ಸರ್ಟ್ ಸಿನಿಮಾ 'ಹಾರ್ಟ್ ಆಫ್ ಗೋಲ್ಡ್'. ಜೊನಾಥನ್ ಡೆಮಿ ಮಾಡಿದ್ದು, 2006ರಲ್ಲಿ ಬಂದಿದ್ದು. 2005ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ರೈಮನ್ ಆಡಿಟೋರಿಯಂನಲ್ಲಿ ಎರಡು ರಾತ್ರಿ ಹಾಡಿದ್ದನ್ನು ಹಿಡಿದಿದ್ದಾರೆ. ಆ ವರ್ಷ ಅವನ ಪಾಲಿಗೆ ಎಂಥದ್ದು ಅಂತ ನೆನಪಿರಲಿ. ಮಿದುಳಿನ ರಕ್ತನಾಳ ಊದಿಕೊಂಡಿದೆ ಅಂತ ಡಾಕ್ಟರು ಹೇಳಿದ್ದರು. ಆಪರೇಷನ್ನಿಗೆ ಮೊದಲು ಸಿಕ್ಕ ದಿನಗಳಲ್ಲಿ ನ್ಯಾಶ್‌ವಿಲ್‌ಗೆ ಹೋಗಿ ಹಾಡು ಬರೆದು ರೆಕಾರ್ಡ್ ಮಾಡುತ್ತಾ ಕೂತ. ಆಪರೇಷನ್ ಆಯಿತು, ಬದುಕಿಕೊಂಡ. ಜೂನಿನಲ್ಲಿ ಅಪ್ಪ ತೀರಿಕೊಂಡರು. ಆಗಸ್ಟಿನಲ್ಲಿ ಈ ವೇದಿಕೆ. ಇಷ್ಟೆಲ್ಲ ಸಿಕ್ಕರೆ ಇವತ್ತಿನ ಡೈರೆಕ್ಟರ್ ಬಿಡುತ್ತಾನಾ? ಪ್ರತಿ ಹಾಡಿಗೂ ಸಭೆಯಲ್ಲಿ ಕಣ್ಣೊರೆಸಿಕೊಳ್ಳುವವರನ್ನು ಹುಡುಕಿ ಹುಡುಕಿ ತೋರಿಸುತ್ತಿದ್ದ.

ಡೆಮಿ ತೋರಿಸಲಿಲ್ಲ. ಇಡೀ ಸಿನಿಮಾದಲ್ಲಿ ಜನರ ಮುಖ ಹತ್ತಿರದಿಂದ ಕಾಣುವುದೇ ಇಲ್ಲ ಅನ್ನಬಹುದು. ಚಪ್ಪಾಳೆ ಕೇಳಿಸುತ್ತದೆ, ಅಷ್ಟೇ. ಕ್ಯಾಮೆರಾ ಅವನ ಮುಖದ ಮೇಲೆ ಕೂತರೆ ಏಳುವುದೇ ಇಲ್ಲ. ಟೋಪಿಯ ಅಂಚು, ಅದರ ಕೆಳಗೆ ಅರ್ಧ ನೆರಳಿನಲ್ಲಿ ಕಣ್ಣು, ಕಪ್ಪು ಬಿಳುಪು ಕೂಡಿದ ಕೆನ್ನೆಯ ಕೂದಲು. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಆ ತುಟಿ ಏನು ಮಾಡುತ್ತದೆ ಅಂತ ನೋಡಲು ನಮಗೆ ಪುರುಸೊತ್ತು ಕೊಡುತ್ತಾನೆ. ಹಿಂದೆ ಬಣ್ಣ ಬಳಿದ ಪರದೆ. ಪಕ್ಕದಲ್ಲಿ ಗಾಯಕಿ ಎಮಿಲೂ ಹ್ಯಾರಿಸ್. ಕೈಯಲ್ಲಿ ಹಳೇ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ನುಡಿಸುತ್ತಿದ್ದ ಗಿಟಾರು. ಹ್ಯಾಂಕ್ ಇದೇ ರೈಮನ್ ವೇದಿಕೆಯಲ್ಲಿ ಹಾಡಿದವನು, 1953ರ ಮೊದಲ ದಿನವೇ, ಬರೀ 29ಕ್ಕೆ ಹೋಗಿಬಿಟ್ಟ. ಅವನ ಗಿಟಾರು ಅದೇ ವೇದಿಕೆಗೆ ಬಂದು ಕೂತಿದೆ, ಹಿಡಿದವನು ಅದೇ ತಾನೇ ಸಾವಿನ ಬಾಗಿಲಿಂದ ವಾಪಸ್ ಬಂದಿದ್ದಾನೆ. ಆ ಹಾಡಿನ ಮಧ್ಯೆ ನನಗೆ ಐದನೇ ಸಾಲಿನ ಅಪರಿಚಿತರ ಮುಖ ಯಾಕೆ ಬೇಕು ಹೇಳಿ?

ಇದೇ ನನ್ನ ಒಂದೇ ತಕರಾರು. ತಿರುಗಿಸಿ ಮುರುಗಿಸಿ ಇದನ್ನೇ ಹೇಳುತ್ತೇನೆ, ಬೇಜಾರಾದರೆ ಕ್ಷಮಿಸಿ. ಜನರ ಮುಖ ತೋರಿಸುವುದು ಅಂದರೆ ನೋಡುವವನಿಗೆ ಆರ್ಡರ್ ಮಾಡುವುದು. ಇಲ್ಲಿ ಅಳು. ಇಲ್ಲಿ ಕುಣಿ. ಇಲ್ಲಿ ಹಳೇ ಪ್ರೀತಿ ನೆನಪು ಮಾಡಿಕೋ. ಹಾಡಿನ ಮೇಲೆ ನಂಬಿಕೆ ಇಲ್ಲದವರು ಮಾಡುವ ಕೆಲಸ ಇದು. ನನ್ನ ಅಳು ನನಗೆ ಬರುತ್ತೆ ಸ್ವಾಮಿ, ಬರದಿದ್ದರೆ ಇನ್ನೊಬ್ಬರ ಅಳು ನೋಡಿ ಬರುವುದಿಲ್ಲ.

ಹೀಗೆ ಹೇಳಿದರೆ ನನ್ನ ಗೆಳೆಯನೊಬ್ಬ (ಲೈಕ್ ಒತ್ತುವುದಿಲ್ಲ, ಆದರೆ ಎಲ್ಲ ಓದುತ್ತಾನೆ, ಇದನ್ನೂ ಓದುತ್ತಿದ್ದಾನೆ) ಒಂದೇ ಬಾಣ ಬಿಡುತ್ತಾನೆ: "ಜನ ಇಲ್ಲದಿದ್ದರೆ ಅದು ಕಾನ್ಸರ್ಟ್ ಹೇಗಾಗುತ್ತೆ ಮಾರಾಯ? ಸ್ಟುಡಿಯೋದಲ್ಲೇ ಶೂಟ್ ಮಾಡಬಹುದಿತ್ತಲ್ಲ. ವುಡ್‌ಸ್ಟಾಕ್ ಸಿನಿಮಾದಲ್ಲಿ ಜನರನ್ನು ಬಿಟ್ಟರೆ ಏನು ಉಳಿಯುತ್ತೆ?" ಸರಿ, ವುಡ್‌ಸ್ಟಾಕ್ ಒಪ್ಪುತ್ತೇನೆ, ಅಮೆರಿಕದ ಆ ದೊಡ್ಡ ಸಂಗೀತ ಜಾತ್ರೆಯ ಸಿನಿಮಾ. ಅಲ್ಲಿ ಲಕ್ಷಗಟ್ಟಲೆ ಜನ ಹೊಲಕ್ಕೆ ನುಗ್ಗಿದ್ದೇ ಸುದ್ದಿ. ಮಳೆ, ಕೆಸರು, ಸ್ನಾನ, ಊಟ, ಎಲ್ಲ ಸಿನಿಮಾದ ವಿಷಯವೇ. ಜನರೇ ನಾಯಕರಾದಾಗ ಜನರನ್ನು ತೋರಿಸಲಿ, ಬೇಡ ಅಂದವರು ಯಾರು? ಆದರೆ ಪಾಪ, ಗೆಳೆಯ ಎತ್ತಿಕೊಂಡ ಉದಾಹರಣೆಯೇ ಅವನಿಗೆ ತಿರುಗುಬಾಣ. 1969ರ ವುಡ್‌ಸ್ಟಾಕ್‌ನಲ್ಲಿ ತನ್ನ ಆಗಿನ ತಂಡದ ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಜೊತೆ ನೀಲ್ ಯಂಗ್ ಕೂಡ ಹಾಡಿದ್ದ. ಸಿನಿಮಾ ನೋಡಿ, ಎಲ್ಲೂ ಕಾಣುವುದಿಲ್ಲ. ನನ್ನನ್ನು ಶೂಟ್ ಮಾಡಬೇಡಿ ಅಂತ ಕ್ಯಾಮೆರಾದವರನ್ನು ದೂರ ಇಟ್ಟಿದ್ದ. ಕ್ಯಾಮೆರಾ ಇದ್ದರೆ ಹಾಡುವವನ ಗಮನ ಹಾಳು ಅನ್ನುವ ಪೈಕಿ ಅವನು.

ಅಂಥವನು ಆಮೇಲೆ ಬರ್ನಾರ್ಡ್ ಶೇಕಿ ಅಂತ ಸುಳ್ಳು ಹೆಸರಿಟ್ಟುಕೊಂಡು ತಾನೇ ಸಿನಿಮಾ ಮಾಡಿದ! 1979ರ 'ರಸ್ಟ್ ನೆವರ್ ಸ್ಲೀಪ್ಸ್' ಅವನದೇ ಕೈಚಳಕ. ಮನುಷ್ಯರನ್ನು ಕುಳ್ಳರ ಹಾಗೆ ಕಾಣಿಸುವ ದೈತ್ಯ ಆಂಪ್ಲಿಫೈಯರುಗಳು, ಮುಸುಕು ಹಾಕಿಕೊಂಡು ಕಣ್ಣು ಮಿನುಗಿಸುತ್ತಾ ಓಡಾಡುವ ವೇದಿಕೆ ಕೆಲಸದವರು. ನಾಟಕ ಬೇಕಾದಷ್ಟಿದೆ. ಎಲ್ಲ ನಾಟಕವೂ ವೇದಿಕೆಯ ಮೇಲೆ, ಅದನ್ನು ಗಮನಿಸಿ.

ಜನರು ಎಲ್ಲಿ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಸುಲಭ. ಹಾಡುವವನ ಮುಖದಲ್ಲೇ ಇದ್ದಾರೆ. ಸಭೆ ನಕ್ಕರೆ ಅವನ ಬಾಯಿಯ ಒಂದು ತುದಿ ಮೇಲೇಳುತ್ತದೆ. ಸಭೆ ಸುಮ್ಮನಾದರೆ ಅವನ ಬೆರಳು ಮೆಲ್ಲಗಾಗುತ್ತದೆ. ಅಷ್ಟು ಸಾಲದಾ?

'ಹಾರ್ಟ್ ಆಫ್ ಗೋಲ್ಡ್' ಮುಗಿದ ಮೇಲೆ ನಿದ್ದೆ ಹತ್ತಲಿಲ್ಲ, 'ಜರ್ನೀಸ್' ಹಾಕಿದೆ. ಇದೂ ಡೆಮಿಯದೇ. 2011ರ ಮೇ ತಿಂಗಳಲ್ಲಿ ಟೊರೊಂಟೊದ ಮ್ಯಾಸಿ ಹಾಲ್‌ನಲ್ಲಿ ಒಬ್ಬನೇ ಹಾಡಿದ್ದು. ಬ್ಯಾಂಡ್ ಇಲ್ಲ. ಗಿಟಾರು, ಪಿಯಾನೊ, ಕಾಲಲ್ಲಿ ತುಳಿದು ನುಡಿಸುವ ಹಳೇ ಪಂಪ್ ಆರ್ಗನ್. ನಡುನಡುವೆ ಬಾಲ್ಯದ ಊರು ಒಮೆಮಿಯಿಂದ 1956ರ ಫೋರ್ಡ್ ಕಾರು ಓಡಿಸಿಕೊಂಡು ಹಾಲ್‌ಗೆ ಬರುವ ದೃಶ್ಯಗಳು. ಅಲ್ಲಿ ಮನೆ ಇತ್ತು, ಇಲ್ಲಿ ಮೀನು ಹಿಡಿಯುತ್ತಿದ್ದೆ ಅನ್ನುವ ಥರದ ಮಾತು.

ಇದರಲ್ಲಿ ಡೆಮಿ ಒಂದು ಪುಟ್ಟ ಕ್ಯಾಮೆರಾವನ್ನು ಮೈಕಿನ ಹತ್ತಿರವೇ ಕಟ್ಟಿಬಿಟ್ಟಿದ್ದಾನೆ. ಕೆಳಗಿನಿಂದ ಮೇಲೆ ನೋಡುತ್ತದೆ. ಗಡ್ಡದ ಬಿಳಿ ಚುಚ್ಚುಗಳು, ಹಲ್ಲು, ಮೂಗಿನ ಹೊಳ್ಳೆ, ಪೂರ್ತಿ ಪರದೆ ತುಂಬ. ಚಂದ ಕಾಣಿಸಬೇಕು ಅನ್ನುವ ಆಸೆ ಇರುವ ಯಾವ ಸ್ಟಾರೂ ಒಪ್ಪದ ಕೋನ. ಒಂದು ಹಾಡಿನಲ್ಲಿ ಜೋರಾಗಿ ಹಾಡುವಾಗ ಎಂಜಲು ಹಾರಿ ಲೆನ್ಸಿನ ಮೇಲೆ ಕೂರುತ್ತದೆ. ಯಾರೂ ಒರೆಸುವುದಿಲ್ಲ, ಕತ್ತರಿಸುವುದೂ ಇಲ್ಲ. ಆ ಹನಿ ಅಲ್ಲೇ ಅಂಟಿಕೊಂಡು ಬೆಳಕಿಗೆ ಬಣ್ಣಬಣ್ಣವಾಗುತ್ತದೆ, ಅದರ ಆಚೆ ಅವನು ಹಾಡುತ್ತಲೇ ಇರುತ್ತಾನೆ. ನಮ್ಮ ಮನೆಯಲ್ಲಿ ಇದನ್ನು ನೋಡಿ "ಛೀ" ಅಂದವರಿದ್ದಾರೆ. ನನಗೆ ಮಾತ್ರ ಕಾನ್ಸರ್ಟ್ ಸಿನಿಮಾಗಳಲ್ಲಿ ಇದಕ್ಕಿಂತ ಹತ್ತಿರ ಯಾರೂ ಕೂರಿಸಿಲ್ಲ ಅನಿಸುತ್ತದೆ.

ಅದೇ ಸಿನಿಮಾದಲ್ಲಿ ಕ್ಯಾಮೆರಾ ಅವನನ್ನು ಬಿಟ್ಟು ಹೋಗುವ ಜಾಗ ಒಂದಿದೆ, ಅದನ್ನು ಹೇಳದಿದ್ದರೆ ಮೋಸ. 'ಒಹಾಯೊ' ಹಾಡು. 1970ರ ಮೇ 4ರಂದು ಒಹಾಯೊ ರಾಜ್ಯದ ಕೆಂಟ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟನೆ ನಡೆಯುವಾಗ ನ್ಯಾಷನಲ್ ಗಾರ್ಡ್ ಸೈನಿಕರು ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳು ಸತ್ತರು. ಆ ತಿಂಗಳೇ ಹಾಡು ಬರೆದು ರೆಕಾರ್ಡ್ ಮಾಡಿದ್ದ. 41 ವರ್ಷದ ನಂತರ ಒಬ್ಬನೇ ನಿಂತು ಅದನ್ನು ಹಾಡುವಾಗ ಆ ನಾಲ್ವರ ಫೋಟೊ, ಹೆಸರು ಪರದೆಯ ಮೇಲೆ ಬರುತ್ತವೆ. ಹಾಡು ಯಾರಿಗಾಗಿಯೋ ಅವರ ಮುಖ ಅದು. ಹಾಗೆ ಬಿಟ್ಟುಹೋಗುವುದಾದರೆ ನೂರು ಸಲ ಹೋಗಲಿ. ಸಭೆಯಲ್ಲಿ ಬಾಯಿ ತೆರೆದು ಕೂತವರ ಮುಖವೂ ಇದೂ ಒಂದೇನಾ?

ಈಗ ಸ್ವಲ್ಪ ಬೇರೆ ಜಗಳ. "ಈ ಮುದುಕರ ಕಾನ್ಸರ್ಟ್ ನೋಡೋದು ಬರೀ ಹಳೇ ನೆನಪಿನ ಚಟ, ದನಿ ಎಲ್ಲಿ ಉಳಿದಿದೆ" ಅನ್ನುವವರಿಗೆ. ಇದೇ ಮ್ಯಾಸಿ ಹಾಲ್‌ನಲ್ಲಿ 1971ರ ಜನವರಿಯಲ್ಲೂ ಅವನು ಒಬ್ಬನೇ ಹಾಡಿದ್ದ. ಆಗ 25 ವರ್ಷ. ಆ ರೆಕಾರ್ಡಿಂಗ್ 2007ರಲ್ಲಿ ಆಲ್ಬಮ್ ಆಗಿ ಬಂತು, ಸಿಕ್ಕರೆ ಕೇಳಿ. ಅದರಲ್ಲಿ 'ಓಲ್ಡ್ ಮ್ಯಾನ್' ಇನ್ನೂ ಹೊಸ ಹಾಡು, ಹಾಡಿದ ಹೊತ್ತಿಗೆ ಯಾವ ಆಲ್ಬಮ್ಮಿಗೂ ಸೇರಿರಲಿಲ್ಲ. ಆಗಷ್ಟೇ ಕ್ಯಾಲಿಫೋರ್ನಿಯಾದಲ್ಲಿ ಜಮೀನು ಕೊಂಡಿದ್ದ. ಅದನ್ನು ನೋಡಿಕೊಳ್ಳುತ್ತಿದ್ದ ವಯಸ್ಸಾದ ಕೆಲಸಗಾರನಿಗಾಗಿ ಬರೆದದ್ದು: ಮುದುಕಪ್ಪ, ನನ್ನನ್ನು ನೋಡು, ನಾನೂ ನಿನ್ನ ಹಾಗೇ ಅನ್ನುವ ಥರ. 25ರವನ ಬಾಯಲ್ಲಿ ಅದು ಚಂದದ ಹಾಡು. ಈಗ 'ಹಾರ್ಟ್ ಆಫ್ ಗೋಲ್ಡ್' ಸಿನಿಮಾದಲ್ಲಿ ಅದನ್ನೇ ನೋಡಿ. ಹಾಡುವವನಿಗೆ 59. ಹುಡುಗ ಯಾರಿಗೆ ಹಾಡಿದ್ದನೋ ಆ ಮುದುಕನೇ ಈಗ ಇವನು. ದನಿ ತೆಳ್ಳಗಾಗಿದೆ, ಮೇಲಿನ ಸ್ವರಕ್ಕೆ ಹೋಗುವಾಗ ಕುತ್ತಿಗೆಯ ನರ ಕಾಣುತ್ತದೆ. ಅದು ಕಾಣಬೇಕು! ಅದನ್ನು ನೋಡಲಿಕ್ಕೇ ತಾನೇ ಸಿನಿಮಾ? ಸಿಡಿ ಸಾಕಾಗಿದ್ದರೆ ಸಿಡಿ ಕೇಳುತ್ತಿದ್ದೆವು.

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಹೇಳಿಬಿಡುತ್ತೇನೆ. ನಾನು ಅವನ ಒಂದೂ ಕಾನ್ಸರ್ಟ್ ನೋಡಿಲ್ಲ. ಮುಂದೆ ನೋಡುವ ಭರವಸೆಯೂ ಇಲ್ಲ. 2024ರಲ್ಲಿ ಕ್ರೇಜಿ ಹಾರ್ಸ್ ಜೊತೆಗಿನ ಪ್ರವಾಸ ಕಾಯಿಲೆಯಿಂದ ಅರ್ಧಕ್ಕೆ ನಿಂತಿತು ಅಂದಾಗ ಸ್ವಂತ ಸೋದರಮಾವ ಆಸ್ಪತ್ರೆ ಸೇರಿದ ಹಾಗೆ ಫೋನ್ ನೋಡುತ್ತಾ ಕೂತಿದ್ದೆ. ಮಾರನೇ ವರ್ಷ ಮತ್ತೆ ರಸ್ತೆಗಿಳಿದ, ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಜಾತ್ರೆಯಲ್ಲೂ ಹಾಡಿದ, ಅದೂ ನಾನು ನೋಡಿದ್ದು ತುಣುಕುಗಳಲ್ಲಿ. ಅಲ್ಲಿಗೆ ಹೋದವರಿಗೆ ಜನ ನಿಜವಾಗಲೂ ಇದ್ದರು, ಪಕ್ಕದಲ್ಲಿ, ಬೆವರಿನ ವಾಸನೆ ಸಮೇತ. ನನಗೆ ಇರುವುದು ಕ್ಯಾಮೆರಾ ಕೊಡುವ ಕುರ್ಚಿ ಒಂದೇ. ಆ ಕುರ್ಚಿಯನ್ನು ಹಿಡಿದು ಎರಡು ಸೆಕೆಂಡಿಗೊಮ್ಮೆ ಹಿಂದಕ್ಕೆ ತಿರುಗಿಸಿದರೆ ಸಿಟ್ಟು ಬರುವುದಿಲ್ವಾ?

ಅವನ ಅಭಿಮಾನಿಗಳಲ್ಲೂ ಈ ವಿಷಯಕ್ಕೆ ಒಗ್ಗಟ್ಟಿಲ್ಲ ಅನ್ನುವುದು ಬೇರೆ ದುಃಖ. ಗದ್ದಲದ ಪಕ್ಷದವರಿಗೆ ಜಿಮ್ ಜಾರ್ಮುಷ್ 1997ರಲ್ಲಿ ಮಾಡಿದ 'ಇಯರ್ ಆಫ್ ದಿ ಹಾರ್ಸ್' ದೇವರು. ಸೂಪರ್ 8 ಅನ್ನುವ ಹಳೇ ಪುಟ್ಟ ಫಿಲ್ಮ್ ಕ್ಯಾಮೆರಾದ ಕಾಳುಕಾಳು ಚಿತ್ರ, ಮುಗಿಯದ ಗಿಟಾರು. ಮೆಲುದನಿ ಪಕ್ಷದವರು ಡೆಮಿಯನ್ನು ಪೂಜೆ ಮಾಡುತ್ತಾರೆ. ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡುವುದಿಲ್ಲ. ನನಗೆ ಎರಡೂ ಬೇಕು, ಆದ್ದರಿಂದ ಎರಡೂ ಕಡೆ ಬೈಸಿಕೊಳ್ಳುತ್ತೇನೆ.

2025ರಲ್ಲಿ ಬಂದ 'ಕೋಸ್ಟಲ್' ಬಗ್ಗೆ ಕೇಳಿದ್ದಿರಿ. ಹೆಂಡತಿ ಡ್ಯಾರಿಲ್ ಹ್ಯಾನಾ ಮಾಡಿದ್ದು, 2023ರಲ್ಲಿ ಒಬ್ಬನೇ ಹಾಡಿದ ಪ್ರವಾಸದ್ದು. ಹಾಡಿನಷ್ಟೇ ಬಸ್ಸೂ ಇದೆ. ಡ್ರೈವರ್ ಜೊತೆ ಹರಟೆ, ಕಿಟಕಿ, ರಸ್ತೆ. ಗೆಳೆಯ (ಹೌದು, ಅವನೇ) "ಇದೇನು ಟ್ರಾವೆಲ್ಸ್ ಜಾಹೀರಾತಾ?" ಅಂದ. ಬಸ್ಸು ಜಾಸ್ತಿಯಾಯಿತು, ಒಪ್ಪಿದೆ. ಆದರೆ ಬಸ್ಸಿನಲ್ಲಿ ಕೂತಿರುವುದು ಅವನೇ ಅಲ್ವಾ? ಬಸ್ಸು ತೋರಿಸಿ, ಟೈರು ತೋರಿಸಿ, ನನ್ನ ಅಭ್ಯಂತರ ಇಲ್ಲ.

ಯಾವುದರಿಂದ ಶುರು ಮಾಡಲಿ ಅಂತ ಇನ್‌ಬಾಕ್ಸಿನಲ್ಲಿ ಕೇಳಿದವರಿಗೆ: ಮೊದಲು 'ಹಾರ್ಟ್ ಆಫ್ ಗೋಲ್ಡ್', ಆಮೇಲೆ 'ಜರ್ನೀಸ್'. 'ರಸ್ಟ್ ನೆವರ್ ಸ್ಲೀಪ್ಸ್' ಪಕ್ಕದ ಮನೆಯವರು ಊರಲ್ಲಿಲ್ಲದ ದಿನಕ್ಕೆ ಇಟ್ಟುಕೊಳ್ಳಿ, ಅದಕ್ಕೆ ವಾಲ್ಯೂಮ್ ಬೇಕು. ದೊಡ್ಡ ಪರದೆ ಇಲ್ಲದಿದ್ದರೂ ಪರವಾಗಿಲ್ಲ, ಒಳ್ಳೆಯ ಸ್ಪೀಕರ್ ಇರಲಿ. ಫೋನಿನಲ್ಲಿ ಅರ್ಧರ್ಧ ನೋಡಿ "ಸ್ವಲ್ಪ ಸ್ಲೋ ಅಲ್ವಾ" ಅಂತ ಮಾತ್ರ ನನಗೆ ಮೆಸೇಜ್ ಮಾಡಬೇಡಿ.