ಪುಟ್ಟ ಹೊಟ್ಟೆ, ದೊಡ್ಡ ಮೆನು

ತೂಕ ಇಳಿಸುವ ಆಪರೇಷನ್ ಆಗಿದೆ ಎಂಬ ಸುದ್ದಿ ಮನೆಯವರಿಗೆ ಗೊತ್ತಿರುತ್ತದೆ. ನೆಂಟರಿಗೆ ಗೊತ್ತಿರುತ್ತದೆ. ಆಫೀಸಿನವರಿಗಂತೂ ನಾವು ಹೇಳುವ ಮೊದಲೇ ಗೊತ್ತಾಗಿರುತ್ತದೆ. ಕಾಲುಗಳಿಗೆ ಮಾತ್ರ ಯಾರೂ ಹೇಳಿರುವುದಿಲ್ಲ. ಸಂಜೆ ಕೆಲಸ ಮುಗಿಯಿತೋ ಇಲ್ಲವೋ, ಅವು ತಮ್ಮ ಪಾಡಿಗೆ ತಾವು ಹೋಟೆಲ್ ಕಡೆ ತಿರುಗಿಕೊಳ್ಳುತ್ತವೆ. ಒಳಗೆ ಹೋಗಿ ಕೂತು, ಮೆನು ಕಾರ್ಡ್ ಕೈಗೆ ಬಂದ ಮೇಲೆ ನೆನಪಾಗುತ್ತದೆ: ಅಯ್ಯೋ, ಇದನ್ನೆಲ್ಲ ಹಾಕಿಕೊಳ್ಳೋಕೆ ಈಗ ಒಳಗೆ ಜಾಗ ಎಲ್ಲಿದೆ?

ನನ್ನದು ಸ್ಲೀವ್. ಅಂದರೆ ಜಠರವನ್ನು ಉದ್ದಕ್ಕೆ ಕತ್ತರಿಸಿ, ಶೇಕಡಾ 75ರಿಂದ 80ರಷ್ಟನ್ನು ಹೊರಗೆ ತೆಗೆದು, ಉಳಿದದ್ದನ್ನು ಸಣ್ಣ ಕೊಳವೆ ಮಾಡಿ ಸ್ಟೇಪಲ್ ಹೊಡೆದು ಮುಚ್ಚುವುದು. ಹೌದು, ಸ್ಟೇಪಲ್ಲೇ. ಬೈಪಾಸ್ ಮಾಡಿಸಿಕೊಂಡವರ ಲೆಕ್ಕ ಬೇರೆ. ಅವರಿಗೆ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚೀಲವೊಂದನ್ನು ಉಳಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. 30 ಮಿಲಿ ಅಂದರೆ ಎರಡು ದೊಡ್ಡ ಚಮಚ. ಹೋಟೆಲಿನಲ್ಲಿ ಪಕ್ಕಕ್ಕೆ ಇಡುವ ಚಟ್ನಿಯೇ ಅದಕ್ಕಿಂತ ಜಾಸ್ತಿ ಇರುತ್ತದೆ.

ಈ ಬೈಪಾಸ್ ಹುಟ್ಟಿದ ರೀತಿ ನನಗೆ ಬಹಳ ಇಷ್ಟ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ ಇದ್ದರು. ಹುಣ್ಣಿನ ಕಾರಣಕ್ಕೆ ಜಠರದ ಒಂದು ಭಾಗ ತೆಗೆಸಿಕೊಂಡವರು ಮತ್ತೆ ಮೈ ತುಂಬಿಕೊಳ್ಳಲು ಪರದಾಡುವುದು ಗೊತ್ತಿದ್ದ ಸಂಗತಿಯೇ. ಬೇರೆಯವರು ಅದನ್ನು ತೊಂದರೆ ಎಂದುಕೊಂಡರು. ಮೇಸನ್ ಅದರಲ್ಲಿ ಉಪಾಯ ಕಂಡರು. 1966ರಲ್ಲಿ ಚಿಕಾಶಿ ಇಟೊ ಎಂಬ ಇನ್ನೊಬ್ಬ ಸರ್ಜನ್ ಜೊತೆ ಸೇರಿ, ದಪ್ಪಗಿದ್ದವರಿಗೆ ಬೇಕೆಂದೇ ಜಠರ ಚಿಕ್ಕದು ಮಾಡುವ ಆಪರೇಷನ್ ಶುರು ಮಾಡಿದರು. ಬುದ್ಧಿವಂತರು, ಎರಡು ಮಾತಿಲ್ಲ. ಆದರೆ ಕತ್ತರಿಸಿದ್ದು ಜಠರವನ್ನು. ಸಂಜೆ ಏಳು ಗಂಟೆಯನ್ನು ಕತ್ತರಿಸುವ ಕತ್ತರಿ ಅವರ ಹತ್ತಿರವೂ ಇರಲಿಲ್ಲ, ಆಮೇಲೆ ಬಂದವರ ಹತ್ತಿರವೂ ಇಲ್ಲ.

ಮೊದಲ ಕೆಲವು ವಾರ ಹೋಟೆಲ್ ಬಿಡುವುದು ಬಹಳ ಸುಲಭ. ಮೊದಲು ತಿಳಿ ನೀರಿನಂಥದ್ದು, ಆಮೇಲೆ ಗಟ್ಟಿ ದ್ರವ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಸರಿಯಾದ ಊಟದ ಹತ್ತಿರ ಬರುವಷ್ಟರಲ್ಲಿ ಹೆಚ್ಚುಕಡಿಮೆ ಎರಡು ತಿಂಗಳು ಕಳೆದಿರುತ್ತದೆ. ಒಂದು ಲೋಟ ನೀರು ಮುಗಿಸುವುದೇ ಅರ್ಧ ದಿನದ ಕೆಲಸ ಆಗಿರುವಾಗ ಹೋಟೆಲ್ ಯಾರಿಗೆ ಬೇಕು? ಆಗ ನಮಗೆ ನಾವೇ ದೊಡ್ಡ ಸಂನ್ಯಾಸಿಗಳಾಗಿ ಕಾಣುತ್ತೇವೆ. ಎದುರಿಗೆ ಕೂತು ಊಟ ಮಾಡುವವರನ್ನು ಸ್ವಲ್ಪ ಕನಿಕರದಿಂದಲೇ ನೋಡುತ್ತೇವೆ. ಪಾಪ, ಇನ್ನೂ ನಾಲಿಗೆಯ ಗುಲಾಮರು!

ಇದರಲ್ಲಿ ನಮ್ಮ ಸಾಧನೆ ಏನೂ ಇಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಇದೆ. 1999ರಲ್ಲಿ ಜಪಾನಿನ ಕೋಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಕಂಡುಹಿಡಿದದ್ದು. ಅದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಉಬ್ಬಿದ ಭಾಗದಲ್ಲಿ. ಸ್ಲೀವ್ ಮಾಡುವಾಗ ಕತ್ತರಿಸಿ ತೆಗೆಯುವುದೂ ಅದೇ ಭಾಗವನ್ನು. ಹಾಗಾಗಿ ಕೆಲವು ತಿಂಗಳು ಹೊಟ್ಟೆ ತಾಳ ಹಾಕುವುದೇ ಇಲ್ಲ. ಗಡಿಯಾರ ನೋಡಿಕೊಂಡು, 'ಓ, ತಿನ್ನುವ ಹೊತ್ತಾಯ್ತು' ಎಂದು ತಿನ್ನಬೇಕು.

ಇಲ್ಲಿಯೇ ಗುಟ್ಟು ಬಯಲಾಗುವುದು. ಹಸಿವೇ ಇಲ್ಲ. ಆದರೂ ಸಂಜೆ ಹೋಟೆಲ್ ನೆನಪಾಗುತ್ತದೆ. ಡಯಟೀಷಿಯನ್‌ಗಳು ಇದಕ್ಕೆ ತಲೆಯ ಹಸಿವು ಅನ್ನುತ್ತಾರೆ. ತಲೆಗೆ ಬೇಕಾದದ್ದಾದರೂ ಏನು ಎಂದು ಕೂತು ಯೋಚಿಸಿದರೆ, ತಿಂಡಿಯ ಹೆಸರು ಮೊದಲು ಬರುವುದೇ ಇಲ್ಲ. ಕುರ್ಚಿ ನೆನಪಾಗುತ್ತದೆ. ಗೋಡೆ ಪಕ್ಕದ, ಬೆನ್ನಿಗೆ ಆಸರೆ ಇರುವ ಕುರ್ಚಿ. ಫೋನ್ ಬಂದರೂ 'ಹೊರಗಿದೀನಿ' ಎನ್ನಬಹುದಾದ ಜಾಗ. ತೊಳೆಯುವ ಪಾತ್ರೆ ಇಲ್ಲ. ಒಲೆ ಒರೆಸುವ ಕೆಲಸ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಸಪ್ಲೈಯರ್ ಹತ್ತಿರ ಬಂದು ನಿಂತು, 'ಏನು ಕೊಡ್ಲಿ ಸಾರ್?' ಎಂದು ಕೇಳುತ್ತಾನೆ.

ಸುಮ್ನೆ ಯೋಚಿಸಿ ನೋಡಿ. ಬೆಳಿಗ್ಗೆ ಎದ್ದಾಗಿನಿಂದ ನಮ್ಮನ್ನು ಮಾತಾಡಿಸಿದವರೆಲ್ಲ ತಮಗೆ ಏನು ಬೇಕು ಎಂದು ಹೇಳಿದವರೇ. ಬಾಸ್‌ಗೆ ರಿಪೋರ್ಟ್ ಬೇಕು, ಬ್ಯಾಂಕಿಗೆ ಕಂತು ಬೇಕು, ಮಕ್ಕಳಿಗೆ ದುಡ್ಡು ಬೇಕು. ನಿನಗೇನು ಬೇಕಪ್ಪಾ ಎಂದು ಕೇಳುವವನು ಇಡೀ ದಿನಕ್ಕೆ ಇವನೊಬ್ಬನೇ. ಕೇಳಿ, ಬರೆದುಕೊಂಡು, ಮರೆಯದೆ ತಂದೂ ಕೊಡುತ್ತಾನೆ. ಇಂಥವನನ್ನು ಬಿಡು ಎಂದರೆ ಯಾರಿಗಾದರೂ ಕಷ್ಟವೇ ಅಲ್ವಾ? ಹೋಟೆಲ್ ಊಟ ಬಿಡುವುದು ನಾಲಿಗೆ ಚಪಲದ ಮಾತು ಎಂದು ಜನ ತಿಳಿದುಕೊಂಡಿದ್ದಾರೆ. ನಾಲಿಗೆಯ ಪಾಲು ಅದರಲ್ಲಿ ಕಾಲು ಭಾಗ ಇರಬಹುದು, ಅಷ್ಟೇ.

ಹೋಟೆಲಿಗೂ ಈ ಹೊಸ ಹೊಟ್ಟೆಗೂ ಎಣ್ಣೆ ಸೀಗೇಕಾಯಿ ಸಂಬಂಧ. ಆಸ್ಪತ್ರೆಯಲ್ಲಿ ಕೊಟ್ಟ ನಿಯಮಗಳು ಹೀಗಿವೆ. ಊಟದ ಜೊತೆ ನೀರು ಕುಡಿಯಬಾರದು, ಆಮೇಲೂ ಅರ್ಧ ಗಂಟೆ ತಾಳಬೇಕು. ಗ್ಯಾಸ್ ತುಂಬಿದ ಪಾನೀಯ ಮುಟ್ಟಬಾರದು. ಮೊದಲು ಪ್ರೋಟೀನ್, ದಿನಕ್ಕೆ ಕಡಿಮೆ ಎಂದರೂ 60 ಗ್ರಾಂ, ಉಳಿದದ್ದೆಲ್ಲ ಆಮೇಲೆ. ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕು. ಅಷ್ಟು ಸಣ್ಣ ಊಟಕ್ಕೆ ಇಪ್ಪತ್ತು ಮೂವತ್ತು ನಿಮಿಷ ತೆಗೆದುಕೊಳ್ಳಬೇಕು. ಈಗ ಹೋಟೆಲ್ ನೋಡಿ. ಕೂತ ತಕ್ಷಣ ತಂದಿಡುವುದೇ ನೀರು. ಆಮೇಲೆ ಕೇಳುವುದೇ, 'ಕುಡಿಯೋಕೆ ಏನಾದ್ರೂ?' ಪ್ರೋಟೀನ್ ಎಂಬುದು ಎಣ್ಣೆ, ಮೈದಾ, ಗಟ್ಟಿ ಸಾಸ್‌ಗಳ ಕೆಳಗೆ ಎಲ್ಲೋ ಅಡಗಿಕೊಂಡಿರುತ್ತದೆ. ಅಗಿಯುವ ಮಾತಂತೂ ಬೇಡ. ಗದ್ದಲದ ಮಧ್ಯೆ ಮಾತಾಡುತ್ತಾ ತಿನ್ನುವಾಗ ತುತ್ತು ಬಾಯಿಗೆ ಹೋದದ್ದು ಗೊತ್ತಾಗುತ್ತದೆ, ಗಂಟಲು ದಾಟಿದ್ದು ಗೊತ್ತಾಗುವುದಿಲ್ಲ.

ಹೊಟ್ಟೆಗೆ ಗೊತ್ತಾಗುತ್ತದೆ. ಮೊದಲ ಎರಡು ಮೂರು ತುತ್ತು ಸ್ವರ್ಗ. ಆಮೇಲೆ ಮೂಗು ಸೋರಲು ಶುರುವಾಗುತ್ತದೆ, ಇಲ್ಲವೇ ಒಂದು ಬಿಕ್ಕಳಿಕೆ ಬರುತ್ತದೆ. ಹೊಟ್ಟೆ ತುಂಬಿತು ಎಂದು ಹೇಳುವುದಕ್ಕೆ ಬಹಳ ಜನರಿಗೆ ಈಗ ಇಂಥ ಸೂಚನೆಗಳೇ ಗತಿ. ಅದನ್ನು ಲೆಕ್ಕಿಸದೆ, ದುಡ್ಡು ಕೊಟ್ಟಿದ್ದು ದಂಡ ಆಗಬಾರದು ಎಂದು ಇನ್ನೊಂದು ತುತ್ತು ಒಳಗೆ ಕಳಿಸಿದರೆ ಮುಗಿಯಿತು. ಯಾರೋ ಎದೆಮೂಳೆಯ ಹಿಂದೆ ಹೆಬ್ಬೆರಳು ಒತ್ತಿ ಹಿಡಿದಂತೆ ಆಗುತ್ತದೆ. ಬಾಯಲ್ಲಿ ನೀರು ಬರುತ್ತದೆ. ಆಸೆಯ ನೀರಲ್ಲ, ನೊರೆ ನೊರೆಯಾದ ಜೊಲ್ಲು. ತುತ್ತು ಕೆಳಗೂ ಹೋಗುವುದಿಲ್ಲ, ಮೇಲೂ ಬರುವುದಿಲ್ಲ. ಎದುರಿಗಿರುವವರು ಏನೋ ಜೋಕ್ ಹೇಳುತ್ತಿರುತ್ತಾರೆ. ನಾವು ನಗುವ ಮುಖ ಮಾಡಿಕೊಂಡು ವಾಶ್‌ರೂಮ್ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕುತ್ತಿರುತ್ತೇವೆ.

ಇಷ್ಟಾಗಿ ವಾಪಸ್ ಬಂದು ಕೂತರೆ ಸಪ್ಲೈಯರ್ ತಟ್ಟೆ ನೋಡಿ ನೊಂದುಕೊಂಡಿರುತ್ತಾನೆ. 'ಯಾಕೆ ಸಾರ್, ಚೆನ್ನಾಗಿಲ್ವಾ?' ಏನು ಹೇಳುವುದು? ಜಠರದ ಕಥೆ ಶುರು ಮಾಡಿದರೆ ಪಕ್ಕದ ಟೇಬಲಿನವರೂ ಊಟ ಬಿಡುತ್ತಾರೆ. ಕೆಲವು ಕಡೆ ಆಸ್ಪತ್ರೆಯವರೇ ಒಂದು ಚಿಕ್ಕ ಕಾರ್ಡ್ ಕೊಡುತ್ತಾರಂತೆ. 'ಇವರಿಗೆ ಆಪರೇಷನ್ ಆಗಿದೆ, ದಯವಿಟ್ಟು ಚಿಕ್ಕ ಪ್ರಮಾಣದಲ್ಲಿ ಅಥವಾ ಮಕ್ಕಳ ಮೆನುವಿನಿಂದ ಕೊಡಿ' ಎಂದು ಬರೆದಿರುತ್ತದೆ. ಒಳ್ಳೆಯ ಯೋಚನೆಯೇ. ಆದರೆ ಮಕ್ಕಳ ಮೆನು ತೆರೆದು ನೋಡಿದವರಿಗೆ ಗೊತ್ತು. ಕರಿದದ್ದು, ಸಿಹಿಯಾದದ್ದು, ಮೇಲೆ ಚೀಸ್ ಸುರಿದದ್ದು. ಡಯಟೀಷಿಯನ್ ಬೇಡ ಎಂದದ್ದನ್ನೆಲ್ಲ ಒಂದೇ ಪುಟದಲ್ಲಿ, ಬಣ್ಣದ ಚಿತ್ರದ ಜೊತೆ ಹಾಕಿರುತ್ತಾರೆ.

ಇನ್ನೊಂದು ವಿಚಿತ್ರ ಹೇಳಬೇಕು. ಈ ಹೊಟ್ಟೆಗೆ ನ್ಯಾಯ ಗೊತ್ತಿಲ್ಲ. ಒಣಗಿದ ಮಾಂಸವನ್ನು, ಅನ್ನವನ್ನು, ಬ್ರೆಡ್ಡನ್ನು ಬಾಗಿಲಲ್ಲೇ ತಡೆಯುತ್ತದೆ. ಐಸ್‌ಕ್ರೀಮ್ ಬಂದರೆ ಮಾತಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಚಿಪ್ಸ್, ಬಿಸ್ಕತ್ತು ಎಲ್ಲ ಹಾಗೆಯೇ, ಜಾರಿಕೊಂಡು ಹೋಗುತ್ತವೆ, ಹೊಟ್ಟೆ ತುಂಬಿದ ಲೆಕ್ಕಕ್ಕೇ ಬರುವುದಿಲ್ಲ. ಬೈಪಾಸ್ ಆದವರಿಗೆ ಇಲ್ಲೊಂದು ಕಾವಲು ಇದೆ. ಸಿಹಿ ಜಾಸ್ತಿಯಾದರೆ ಅದು ನೇರವಾಗಿ ಕರುಳಿಗೆ ನುಗ್ಗಿ, ಅರ್ಧ ಗಂಟೆಯೊಳಗೆ ಎದೆ ಹೊಡೆದುಕೊಳ್ಳುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಹೊಟ್ಟೆ ಹಿಂಡುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ಮೇಲೆ ಸಕ್ಕರೆ ಅಂಶ ಇಳಿದು ಕೈಕಾಲು ನಡುಗುತ್ತದೆ. ಇದಕ್ಕೆ ಡಂಪಿಂಗ್ ಎಂದು ಹೆಸರು. ಸ್ಲೀವ್‌ನವರಿಗೆ ಈ ಕಾಟ ಕಡಿಮೆ. ಅದೃಷ್ಟ ಎಂದು ಕೆಲವರು ಹೇಳುತ್ತಾರೆ. ನನಗೇನೋ ಅನುಮಾನ. ಹೊಡೆಯುವ ಮೇಷ್ಟ್ರು ಇಲ್ಲದ ಕ್ಲಾಸಿನಲ್ಲಿ ನಾನು ಏನು ಕಲಿತಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ.

ವರ್ಷ ತುಂಬುವಷ್ಟರಲ್ಲಿ ಹಸಿವು ಮೆಲ್ಲಗೆ ಹಿಂದಿರುಗುತ್ತದೆ. ಹೊಟ್ಟೆಯೂ ಮೊದಲಿಗಿಂತ ಸ್ವಲ್ಪ ಜಾಸ್ತಿ ಹಿಡಿಸಿಕೊಳ್ಳಲು ಒಪ್ಪುತ್ತದೆ. ಹಳೆಯ ಅಭ್ಯಾಸ ಅಲ್ಲಿಯವರೆಗೂ ಬಾಗಿಲ ಹೊರಗೆ ಕಾಯುತ್ತಾ ಕೂತಿದ್ದರೆ ಕಳೆದುಕೊಂಡ ತೂಕವನ್ನು ವಾಪಸ್ ಕರೆತರುವುದೂ ಅದೇ. ಆದ್ದರಿಂದ ಬಿಡುವುದಿದ್ದರೆ ಹಸಿವು ಮಲಗಿರುವಾಗಲೇ ಬಿಡಬೇಕು. ಮನಸ್ಸು ಗಟ್ಟಿ ಮಾಡಿಕೋ ಎಂದು ಎಲ್ಲರೂ ಹೇಳುತ್ತಾರೆ. ಗಟ್ಟಿ ಮನಸ್ಸು ಇದ್ದಿದ್ದರೆ ಆಪರೇಷನ್ ಟೇಬಲ್ ಹತ್ತಿರ ಯಾಕೆ ಹೋಗುತ್ತಿದ್ದೆವು ಎಂದು ನಾನು ತಮಾಷೆ ಮಾಡುವುದುಂಟು. ನಿಜ ಹೇಳಬೇಕೆಂದರೆ ಆ ಮಾತೂ ಸರಿಯಿಲ್ಲ. ಬೊಜ್ಜು ಬರುವುದಕ್ಕೆ ಮನಸ್ಸೊಂದೇ ಕಾರಣವಲ್ಲ, ಹುಟ್ಟಿನಿಂದ ಬಂದದ್ದೂ ಇರುತ್ತದೆ, ಹಾರ್ಮೋನೂ ಇರುತ್ತದೆ.

ನನಗೆ ಕೆಲಸಕ್ಕೆ ಬಂದದ್ದು ಬೆಂಚು. ಆಫೀಸಿನಿಂದ ಮನೆಗೆ ಹೋಗುವ ದಾರಿ ಬದಲಿಸಿದೆ. ಹೊಸ ದಾರಿಯಲ್ಲಿ ಒಂದು ಉದ್ಯಾನ ಇದೆ, ಅಲ್ಲಿ ಕಲ್ಲಿನ ಬೆಂಚು ಇದೆ. ಅರ್ಧ ಗಂಟೆ ಅಲ್ಲಿ ಕೂರುತ್ತೇನೆ. ಬೆನ್ನಿಗೆ ಆಸರೆ ಅಷ್ಟೊಂದು ಇಲ್ಲ. ಆದರೆ ಫೋನ್ ಬಂದರೆ 'ಹೊರಗಿದೀನಿ' ಎನ್ನಬಹುದು. ಯಾರ ಕೈಗೂ ಸಿಗದೆ ಇರಬಹುದು. ಹೋಟೆಲ್ ನನಗೆ ಕೊಡುತ್ತಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿ ಬಿಲ್ಲಿಲ್ಲದೆ ಸಿಗುತ್ತದೆ. ಮನೆಯಲ್ಲಿ ಪುಟ್ಟ ಪುಟ್ಟ ಡಬ್ಬಿಗಳಲ್ಲಿ ಊಟ ಮೊದಲೇ ಮಾಡಿಟ್ಟಿರುತ್ತದೆ. ಅದು ಇಲ್ಲದಿದ್ದರೆ ಬೆಂಚಿನಿಂದ ಎದ್ದ ಕಾಲು ಮತ್ತೆ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ.

ಕಾಲನ್ನು ಕಟ್ಟಿ ಹಾಕಿದರೆ ಬೆರಳು ಸುಮ್ಮನಿರಬೇಕಲ್ಲ. ನಾವು ಹೋಗದಿದ್ದರೆ ಹೋಟೆಲೇ ಮನೆ ಬಾಗಿಲಿಗೆ ಬರುವ ಕಾಲ ಇದು. ಫೋನಿನಿಂದ ಆ ಆ್ಯಪ್ ತೆಗೆದುಹಾಕುವ ಮೊದಲು ಕೆಲವು ದಿನ ಸುಮ್ಮನೆ ಇಟ್ಟುಕೊಂಡಿದ್ದೆ. ನಿಮ್ಮನ್ನು ನೋಡದೆ ಬೇಜಾರಾಗಿದೆ, ಎಲ್ಲಿ ಹೋದಿರಿ, ಬನ್ನಿ ಎಂದು ದಿನಾ ಮೆಸೇಜು. ಆಸ್ಪತ್ರೆಯಲ್ಲಿದ್ದಾಗ ನನ್ನ ಸ್ವಂತ ನೆಂಟರೂ ಇಷ್ಟು ವಿಚಾರಿಸಿರಲಿಲ್ಲ. ತೆಗೆಯುವಾಗ ಸ್ವಲ್ಪ ಪಾಪ ಅನ್ನಿಸಿತು. ಅಂದಹಾಗೆ, ಹೋಟೆಲ್ ಬಿಟ್ಟರೆ ದುಡ್ಡು ಉಳಿಯುತ್ತದೆ ಎಂದುಕೊಂಡವರು ಜೀವನಪೂರ್ತಿ ನುಂಗಬೇಕಾದ ವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ಬಿಲ್ ನೋಡಬೇಕು.

ಕಷ್ಟದ ಭಾಗ ಸ್ನೇಹಿತರದು. ಸಿಗೋಣ ಎಂದರೆ ಎಲ್ಲಾದರೂ ಕೂತು ತಿನ್ನೋಣ ಎಂದೇ ಅರ್ಥ. ಊಟಕ್ಕೆ ಕರೆದರೆ ಓಡಿ ಬರುವವರು ವಾಕಿಂಗ್‌ಗೆ ಕರೆದರೆ, ಇವನು ಸಾಲ ಕೇಳುತ್ತಾನೇನೋ ಎಂದು ಯೋಚಿಸುತ್ತಾರೆ. ಬಂದು ಜೊತೆಗೆ ಕೂತರೂ ನನ್ನ ತಟ್ಟೆ ಅವರನ್ನು ಚುಚ್ಚುತ್ತದೆ. 'ನೀನು ಹಿಂಗೆ ಕೊಕ್ಕಲ್ಲಿ ಕುಕ್ಕಿಕೊಂಡು ಕೂತ್ರೆ ನಮಗೆ ತಿನ್ನೋಕೆ ಮನಸ್ಸು ಬರಲ್ಲ ಕಣೋ' ಎಂದು ಒಬ್ಬ ಬೈದೇಬಿಟ್ಟ. ಬೈದು, ಎರಡನೇ ಪ್ಲೇಟ್ ತರಿಸಿದ.

ಸ್ನೇಹಿತರನ್ನು ಬಿಡಲಾಗುವುದಿಲ್ಲವಲ್ಲ. ಹಾಗಾಗಿ ಒಂದು ಒಪ್ಪಂದಕ್ಕೆ ಬಂದಿದ್ದೇನೆ. ಒಬ್ಬನೇ ಹೋಟೆಲಿಗೆ ಹೋಗುವಂತಿಲ್ಲ, ಯಾರಾದರೂ ಜೊತೆಗಿದ್ದರೆ ಮಾತ್ರ. ಒಬ್ಬನೇ ಹೋಗುವುದೇ ಅಭ್ಯಾಸ, ನಾಲ್ಕು ಜನ ಸೇರಿ ಹೋಗುವುದು ಭೇಟಿ ಎಂಬುದು ನನ್ನ ವಾದ. ಡಯಟೀಷಿಯನ್ ಇದನ್ನು ಪೂರ್ತಿ ಒಪ್ಪಿಲ್ಲ, ಬೇಡವೆಂದೂ ಹೇಳಿಲ್ಲ.

ಸ್ನೇಹಿತರೂ ಬೇಗನೆ ಹೊಂದಿಕೊಂಡರು. ನಾನು ಪೂರ್ತಿ ಪ್ಲೇಟ್ ತರಿಸಿ ನಾಲ್ಕು ಚಮಚ ತಿಂದು ಕೈ ತೊಳೆಯುತ್ತೇನೆ ಎಂಬುದು ಅವರಿಗೆ ಅರ್ಥವಾದ ದಿನದಿಂದ ನನ್ನ ಪಕ್ಕದ ಕುರ್ಚಿಗೆ ಪೈಪೋಟಿ. ಮೊನ್ನೆ ಸಪ್ಲೈಯರ್ ಬಂದು, ಅದೇ ಪ್ರೀತಿಯಿಂದ, 'ನಿಮಗೇನು ಕೊಡ್ಲಿ ಸಾರ್?' ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದವನು ಕಾರ್ಡ್ ಕಿತ್ತುಕೊಂಡು ನನ್ನ ಪರವಾಗಿ ಆರ್ಡರ್ ಕೊಟ್ಟ. ಅವನಿಗೆ ಇಷ್ಟವಾದದ್ದೇ.